ಲೈಲಾ ಅಲಿಯ ಸೊನ್ನೆ

ನಾವು ಉರ್ದು ಶಾಲೆಯ ಕೆಳಗಿನ ತರಗತಿಗಳಲ್ಲಿದ್ದಾಗ ಮಾಮುವಿನ ಸೈಕಲ್ ಅಂಗಡಿಯ ಗೋಡೆಯಲ್ಲಿ ಮುಹಮ್ಮದ್ ಅಲಿಯವರ ಚಿತ್ರವೊಂದಿತ್ತು. ಯಾವುದೋ ಉರ್ದು ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು. ಪಂಕ್ಚರ್ ಹಾಕಿಸಲು ಬಂದವರು ಕೇಳಲಿ ಬಿಡಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ ಅಲಿ ಪಟ್ಟ ಕಳೆದುಕೊಂಡ ಕತೆಯನ್ನು ಮಾಮು ಹೇಳಿಯೇ ತೀರುತ್ತಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹಿಡಿದು ನಿಂತ ಅಲಿಯವರ ಕೈ ನಡುಗುವುದನ್ನು ಟಿ.ವಿ.ಯಲ್ಲಿ ನೋಡಿ ಅವರು ಕಣ್ಣೊರೆಸಿಕೊಂಡಿದ್ದರು. ಮೂರು ವರ್ಷಗಳ ಬಳಿಕ ಅದೇ ಅಲಿಯವರ ಮಗಳು ಗ್ಲೌಸ್ ತೊಟ್ಟು ರಿಂಗಿಗಿಳಿದ ಚಿತ್ರ ಪತ್ರಿಕೆಯಲ್ಲಿ ಬಂತು. ಮಾಮು ಏನೂ ಹೇಳಲಿಲ್ಲ. ಪತ್ರಿಕೆ ಮಡಚಿ ಟ್ಯೂಬುಗಳ ಪೆಟ್ಟಿಗೆಯಡಿಗೆ ಸರಿಸಿದರು.

ಆ ಮೌನದ ಮೇಲೆ ನಮಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಹಲವು ವರ್ಷ ಲೈಲಾ ಅಲಿಯನ್ನು ಹೊಗಳಿಕೊಂಡು ತಿರುಗಿದೆವು. ತಂದೆ ಐದು ಬಾರಿ ಸೋತರು, ಮಗಳು ಒಮ್ಮೆಯೂ ಸೋತಿಲ್ಲ, ಆದ್ದರಿಂದ ಮಗಳೇ ದೊಡ್ಡವಳು ಎಂಬುದು ನಮ್ಮ ವಾದ. ಈಚೆಗೆ ಆ ಪಂದ್ಯಗಳ ದೃಶ್ಯಗಳನ್ನು ಒಂದೊಂದಾಗಿ ಮತ್ತೆ ನೋಡಿದೆವು. ಹೊಗಳಿಕೆಯನ್ನು ಹಿಂದಕ್ಕೆ ಪಡೆಯಬೇಕೆಂದು ಅನ್ನಿಸಲಿಲ್ಲ. ಆದರೆ ಹೊಗಳಿದ್ದು ತಪ್ಪು ಕಾರಣಕ್ಕೆ ಎಂಬುದಂತೂ ಸ್ಪಷ್ಟವಾಯಿತು.

24 ಪಂದ್ಯ, 24 ಗೆಲುವು, ಅದರಲ್ಲಿ 21 ನಾಕೌಟ್, ಸೋಲು ಸೊನ್ನೆ. 1999ರ ಅಕ್ಟೋಬರ್ 8ರಂದು ಆರಂಭವಾಗಿ 2007ರ ಫೆಬ್ರವರಿ 3ರಂದು ಮುಗಿದ ವೃತ್ತಿಜೀವನದ ಲೆಕ್ಕವಿದು. ನೋಡಿದವರು ಬೆರಗಾಗುವುದು ಕೊನೆಯ ಸೊನ್ನೆಗೆ. ಆದರೆ ವೃತ್ತಿಪರ ಬಾಕ್ಸಿಂಗ್ ಎಂಬುದು ರಣಜಿ ಟ್ರೋಫಿಯ ಹಾಗಲ್ಲ. ಯಾರು ಯಾರೊಡನೆ ಆಡಬೇಕೆಂದು ಮಂಡಳಿಯೊಂದು ಮೊದಲೇ ಪಟ್ಟಿ ಮಾಡಿ ಕೊಡುವುದಿಲ್ಲ. ಎದುರಾಳಿಯನ್ನು ಆರಿಸುವವರು ಮ್ಯಾನೇಜರುಗಳು, ಪ್ರವರ್ತಕರು. ಟಿಕೆಟ್ ಎಷ್ಟು ಹೋದೀತು, ಟಿ.ವಿ.ಯವರು ಎಷ್ಟು ಕೊಟ್ಟಾರು, ನಮ್ಮ ಹುಡುಗಿ ಸೋತರೆ ಮುಂದೇನು, ಇದನ್ನೆಲ್ಲ ತೂಗಿ ನೋಡಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಕತೆ ಬರೆಯುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗಬೇಕಿತ್ತು. ನಾಯಕನ ದಾರಿಗೆ ಯಾವ ಖಳನನ್ನು ತರಬೇಕು, ಯಾವನನ್ನು ತರಬಾರದು ಎಂಬುದನ್ನು ನಿರ್ಧರಿಸುವ ಕೈಯೊಂದು ಹಿಂದೆ ಇದ್ದೇ ಇರುತ್ತದೆ. ಸೊನ್ನೆಯನ್ನು ಓದುವಾಗ ಆ ಕೈಯನ್ನೂ ಓದಬೇಕು.

ಲೈಲಾ ಹುಟ್ಟಿದ್ದು 1977ರ ಡಿಸೆಂಬರ್ 30ರಂದು, ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿ. ತಾಯಿ ವೆರೋನಿಕಾ ಪೋರ್ಷೆ. ತಂದೆ ತಾಯಿ 1986ರಲ್ಲಿ ಬೇರೆಯಾದರು. ಹರೆಯದಲ್ಲಿ ದಾರಿ ತಪ್ಪಿ ಬಾಲಾಪರಾಧಿಗಳ ಕೇಂದ್ರದಲ್ಲಿ ಕೆಲಕಾಲ ಇದ್ದುದನ್ನು ಅವರು ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅನಂತರ ಕಾಲೇಜು ಸೇರಿ ವ್ಯವಹಾರ ಶಾಸ್ತ್ರ ಕಲಿತರು, ಲಾಸ್ ಏಂಜಲೀಸ್‌ನಲ್ಲಿ ಹೆಂಗಸರ ಉಗುರು ಸಿಂಗರಿಸುವ ಅಂಗಡಿ ಇಟ್ಟರು. ಮಹಿಳೆಯರ ಬಾಕ್ಸಿಂಗ್ ಎಂಬುದೊಂದಿದೆ ಎಂದು ಅವರಿಗೆ ಗೊತ್ತಾದದ್ದು ಕ್ರಿಸ್ಟಿ ಮಾರ್ಟಿನ್ ಅವರ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದಾಗ. ಮನೆಯಲ್ಲೇ ಜಗದ್ವಿಖ್ಯಾತ ಬಾಕ್ಸರ್ ಇದ್ದರೂ ಆ ದಾರಿ ತೋರಿಸಲು ಹೊರಗಿನ ಹೆಣ್ಣೊಬ್ಬಳೇ ಬೇಕಾಯಿತು.

ತಂದೆಗೆ ಮನಸ್ಸಿರಲಿಲ್ಲ. ಹೆಂಗಸರು ಗುದ್ದಾಡುವುದು ತಕ್ಕುದಲ್ಲ ಎಂದು ಹಿಂದೆ ಬಹಿರಂಗವಾಗಿಯೇ ಹೇಳಿದ್ದವರು ಅವರು. ಇಡೀ ಲೋಕ ನೋಡುತ್ತಿರುವಾಗ ಕೆಳಗೆ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದರಂತೆ. ನೀವು ಎದ್ದ ಹಾಗೆ ಎದ್ದು ನಿಲ್ಲುತ್ತೇನೆ ಎಂದು ಮಗಳು ಉತ್ತರಿಸಿದರಂತೆ. ಮುಂದೊಂದು ದಿನ, ತಾನು ಅಂದುಕೊಂಡಿದ್ದು ತಪ್ಪು ಎಂದು ತಂದೆ ಒಪ್ಪಿಕೊಂಡರೆಂದೂ ಲೈಲಾ ಹೇಳಿದ್ದಾರೆ. ನಮ್ಮ ಮಾಮುವಿನ ಮಟ್ಟಿಗೆ ಈ ಸುದ್ದಿ ತಲುಪಲೇ ಇಲ್ಲ.

ಮೊದಲ ಪಂದ್ಯ ನ್ಯೂಯಾರ್ಕ್ ರಾಜ್ಯದ ವೆರೋನಾದಲ್ಲಿ, ಒಂದು ಕ್ಯಾಸಿನೊದಲ್ಲಿ. ಎದುರಾಳಿ ಏಪ್ರಿಲ್ ಫೌಲರ್ ಅಷ್ಟೇನೂ ಪಳಗಿದವರಲ್ಲ. 31 ಸೆಕೆಂಡಿನಲ್ಲಿ ಮುಗಿಯಿತು. ಹೊಸಬರಿಗೆ ಸುಲಭದ ಎದುರಾಳಿ ಕೊಡುವುದು ಈ ವೃತ್ತಿಯ ವಾಡಿಕೆಯೇ. ಆದರೆ ಹೊಸಬರ ಮೊದಲ ಪಂದ್ಯಕ್ಕೆ ಲೋಕದ ಪತ್ರಕರ್ತರೆಲ್ಲ ಬಂದು ಕೂರುವುದು ವಾಡಿಕೆಯಲ್ಲ. ಅವರು ಬಂದದ್ದು ಹೆಸರಿಗಾಗಿ.

ಅದೇ ವೆರೋನಾದಲ್ಲಿ 2001ರ ಜೂನ್ 8ರಂದು ಆ ಹೆಸರಿನ ಮಾರಾಟ ತುತ್ತತುದಿಗೇರಿತು. ಎದುರಿಗೆ ನಿಂತವರು ಜೋ ಫ್ರೇಜಿಯರ್ ಅವರ ಮಗಳು ಜಾಕಿ ಫ್ರೇಜಿಯರ್-ಲೈಡ್. ವೃತ್ತಿಯಲ್ಲಿ ವಕೀಲೆ, ಮಕ್ಕಳ ತಾಯಿ, ವಯಸ್ಸು 39. ತಂದೆಯರು 1971, 1974, 1975ರಲ್ಲಿ ಮೂರು ಬಾರಿ ಕಾದಾಡಿದ್ದರಲ್ಲ, ಇದು ನಾಲ್ಕನೆಯದು ಎಂದು ಜಾಹೀರಾತು. ದುಡ್ಡು ಕೊಟ್ಟು ಮನೆಯ ಟಿ.ವಿ.ಯಲ್ಲಿ ನೋಡುವ ಪಂದ್ಯಗಳಲ್ಲಿ ಮಹಿಳೆಯರೇ ಮುಖ್ಯ ಸ್ಥಾನದಲ್ಲಿದ್ದುದು ಅದೇ ಮೊದಲು. ಇದು ಬರೀ ತಮಾಷೆ ಎಂದು ಅನೇಕ ಬಾಕ್ಸಿಂಗ್ ಪಂಡಿತರು ಮೂಗು ಮುರಿದರು. ಆ ದೃಶ್ಯವನ್ನು ಈಗ ನೋಡಿದರೆ ಪಂಡಿತರಿಗೆ ನಾಚಿಕೆಯಾಗಬೇಕು. ತಂತ್ರ ಕಡಿಮೆ ಇರಬಹುದು, ಆದರೆ ಇಬ್ಬರೂ ಎಂಟು ಸುತ್ತು ಉಸಿರು ಬಿಗಿಹಿಡಿದು ಹೊಡೆದರು, ಹೊಡೆಸಿಕೊಂಡರು. ಒಬ್ಬ ತೀರ್ಪುಗಾರ ಸಮ ಎಂದರೆ ಇಬ್ಬರು ಲೈಲಾ ಪರ. ಅವರು ನಿಜಕ್ಕೂ ಕಷ್ಟಪಟ್ಟ ಪಂದ್ಯಗಳಲ್ಲಿ ಅದೊಂದು. ಕುತೂಹಲದ ಸಂಗತಿಯೆಂದರೆ, ನಾಕೌಟ್ ಇಲ್ಲದ ಈ ಗೆಲುವಿನಲ್ಲೇ ಆಕೆಯ ಧೈರ್ಯ ಎದ್ದು ಕಾಣುತ್ತದೆ.

ಆಮೇಲೆ ಅವರು ಪಳಗಿದರು. 2002ರ ಆಗಸ್ಟಿನಲ್ಲಿ ಸುಜೆಟ್ ಟೇಲರ್ ಅವರನ್ನು ಸೋಲಿಸಿ ಸೂಪರ್ ಮಿಡಲ್‌ವೇಟ್ ಪಟ್ಟ ಗೆದ್ದರು. ನವೆಂಬರಿನಲ್ಲಿ ವ್ಯಾಲೆರಿ ಮಾಹ್‌ಫುಡ್ ಅವರನ್ನು ಎಂಟನೆಯ ಸುತ್ತಿನಲ್ಲಿ ನಿಲ್ಲಿಸಿ ಇನ್ನೆರಡು ಪಟ್ಟಗಳನ್ನು ಸೇರಿಸಿಕೊಂಡರು. 5 ಅಡಿ 10 ಅಂಗುಲದ ಎತ್ತರ, ಉದ್ದನೆಯ ಎಡಗೈ, ಆ ಎಡಗೈಯ ಹಿಂದೆಯೇ ಬರುವ ಭಾರವಾದ ಬಲಗೈ. ತಂದೆಯಂತೆ ತೇಲುವ ಕಾಲುಗಳಲ್ಲ. ಲೈಲಾ ನೆಲವೂರಿ ಹೊಡೆಯುವವರು, ಗುರಿ ಕಂಡರೆ ಬಿಡದವರು. ತಂದೆಯ ನಕಲು ಎಂದು ಬರೆದವರು ಪಂದ್ಯ ನೋಡದೆ ಹೆಸರು ಓದಿ ಬರೆದರು ಎಂದೇ ಹೇಳಬೇಕಾಗುತ್ತದೆ.

ಇನ್ನು 2003ರ ಆಗಸ್ಟ್ 23. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಲೈಲಾ ಎದುರಿಸಿದ್ದು, ತನಗೆ ದಾರಿ ತೋರಿಸಿದ ಅದೇ ಕ್ರಿಸ್ಟಿ ಮಾರ್ಟಿನ್ ಅವರನ್ನು. ಲೈಲಾಗೆ 25, ಕ್ರಿಸ್ಟಿಗೆ 35. ಎತ್ತರದಲ್ಲಿ ಆರು ಅಂಗುಲದ ಅಂತರ. ಕ್ರಿಸ್ಟಿ ತಮ್ಮ ಒಳ್ಳೆಯ ದಿನಗಳಲ್ಲಿ 60-63 ಕಿಲೋ ತೂಕದ ಆಸುಪಾಸಿನಲ್ಲಿ ಆಡಿದವರು. ಇಲ್ಲಿ ಹತ್ತು ಕಿಲೋಗೂ ಮಿಕ್ಕಿ ಮೇಲೇರಿ ಬಂದಿದ್ದರು. ನಾಲ್ಕನೆಯ ಸುತ್ತಿನಲ್ಲಿ ಕ್ರಿಸ್ಟಿ ಮಂಡಿಯೂರಿದರು, ಹತ್ತು ಎಣಿಸುವವರೆಗೂ ಏಳಲಿಲ್ಲ. ಅಂದು ನಾವು ಚಪ್ಪಾಳೆ ತಟ್ಟಿದ್ದೆವು. ಈಗ ನೋಡುವಾಗ ಕೈ ಮೇಲೇಳಲಿಲ್ಲ. ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗಗಳಿರುವುದೇ ಇಂಥ ಪಂದ್ಯ ನಡೆಯದಿರಲಿ ಎಂದು. ಇದರಲ್ಲಿ ಲೈಲಾ ಒಬ್ಬರದೇ ತಪ್ಪೇನಿಲ್ಲ, ಕ್ರಿಸ್ಟಿಗೂ ಆ ಹಣ ಬೇಕಿತ್ತು. ಆದರೆ ದಾಖಲೆಯ ಪುಸ್ತಕದಲ್ಲಿ ಇದೂ ಒಂದು ನಾಕೌಟ್, ಅಷ್ಟೆ. ಅಂಗುಲ ಕಿಲೋಗಳು ಅಲ್ಲಿ ಬರುವುದಿಲ್ಲ.

ಕ್ರಿಸ್ಟಿ ಯಾರು? ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. 1996ರ ಮಾರ್ಚ್‌ನಲ್ಲಿ ಟೈಸನ್ ಪಂದ್ಯಕ್ಕೆ ಮುಂಚೆ, ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಆರು ಸುತ್ತು ಕಾದಾಡಿ ಡೀಡ್ರ ಗೋಗರ್ಟಿಯನ್ನು ಸೋಲಿಸಿ, ಅಮೆರಿಕದ ಮನೆಮನೆಗೆ ಮಹಿಳಾ ಬಾಕ್ಸಿಂಗನ್ನು ತಲುಪಿಸಿದವರು. ಆ ಗುದ್ದುಗಳನ್ನೆಲ್ಲ ತಾಳಿಕೊಂಡ ಹೆಣ್ಣನ್ನು 2010ರಲ್ಲಿ ಸ್ವಂತ ಗಂಡ, ತರಬೇತುದಾರನೂ ಆಗಿದ್ದವನು, ಮನೆಯಲ್ಲೇ ಚೂರಿಯಿಂದ ಇರಿದು ಗುಂಡು ಹಾರಿಸಿದ. ಅವರು ಬದುಕಿ ಉಳಿದರು, ಮರುವರ್ಷವೇ ಮತ್ತೆ ರಿಂಗಿಗೆ ಬಂದರು. ಗಂಡನಿಗೆ 25 ವರ್ಷ ಶಿಕ್ಷೆಯಾಯಿತು. ಅವರ ದಾಖಲೆಯಲ್ಲಿ ಏಳು ಸೋಲುಗಳಿವೆ. ಸೊನ್ನೆಯನ್ನು ಪೂಜಿಸುತ್ತಿದ್ದ ದಿನಗಳಲ್ಲಿ ನಾವು ಆ ಏಳನ್ನು ಕೀಳಾಗಿ ಕಂಡಿದ್ದೆವು.

ನಡೆದ ಪಂದ್ಯಗಳಿಗಿಂತ ನಡೆಯದ ಪಂದ್ಯವೇ ಲೈಲಾರ ವೃತ್ತಿಜೀವನವನ್ನು ಹೆಚ್ಚು ಕಾಡುತ್ತದೆ. ಆ್ಯನ್ ವುಲ್ಫ್ ಎಂಬ ಹೆಸರು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಲಾರದು. ಲೂಸಿಯಾನಾದ ಕಡುಬಡತನದಿಂದ ಬಂದವರು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಮನೆಯಿಲ್ಲದೆ ಅಲೆದವರು. ಅವರೂ ಟಿ.ವಿ.ಯಲ್ಲಿ ಮಹಿಳೆಯರ ಪಂದ್ಯ ನೋಡಿಯೇ ಜಿಮ್‌ನ ಬಾಗಿಲು ತಟ್ಟಿದ್ದು. 2004ರ ಮೇಯಲ್ಲಿ ತನಗಿಂತ ಬಹಳ ಎತ್ತರದ ವೊಂಡಾ ವಾರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಒಂದೇ ಬಲಗೈ ಹೊಡೆತದಿಂದ ಬೀಳಿಸಿದರು. ನೋಡಲು ಭಯವಾಗುವ ದೃಶ್ಯ. ಲೈಲಾ-ವುಲ್ಫ್ ಪಂದ್ಯವಾಗಲಿ ಎಂದು ಎಲ್ಲರೂ ಕೇಳಿದರು. ಆಗಲಿಲ್ಲ. ಹೆದರಿ ಹಿಂಜರಿದರು ಎಂದು ಒಂದು ಕಡೆಯವರು, ತಕ್ಕ ಹಣ ಬರಲಿಲ್ಲ ಎಂದು ಇನ್ನೊಂದು ಕಡೆಯವರು.

ಇಲ್ಲೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ವುಲ್ಫ್ ಇಡೀ ಜೀವನದಲ್ಲಿ ಸೋತದ್ದು ಒಮ್ಮೆ ಮಾತ್ರ. ಸೋಲಿಸಿದವರು ವ್ಯಾಲೆರಿ ಮಾಹ್‌ಫುಡ್. ಆ ಮಾಹ್‌ಫುಡ್‌ರನ್ನು ಲೈಲಾ ಎರಡು ಬಾರಿ ಸೋಲಿಸಿದ್ದಾರೆ. ಅಂದಮೇಲೆ ಲೈಲಾ ಬಲಿಷ್ಠರ ಮುಖವನ್ನೇ ನೋಡಲಿಲ್ಲ ಎಂಬ ದೂರು ನಿಲ್ಲುವುದಿಲ್ಲ. ಹಾಗೆಂದು, ಅವನನ್ನು ಇವನು ಸೋಲಿಸಿದ, ಇವನನ್ನು ನಾನು ಸೋಲಿಸಿದೆ, ಆದ್ದರಿಂದ ಅವನಿಗಿಂತ ನಾನೇ ಮೇಲು ಎಂಬ ಲೆಕ್ಕ ಗರಡಿಯಲ್ಲೂ ನಡೆಯದು, ರಿಂಗಿನಲ್ಲೂ ನಡೆಯದು.

ಪ್ರಸಂಗವಶಾತ್ ಒಂದು ವಿಷಯ. ಲೈಲಾಗೆ ಮೊದಲು ಕಲಿಸಿದವರು ಲಾಸ್ ಏಂಜಲೀಸ್‌ನ ಡಬ್ ಹಂಟ್ಲಿ. ಎಫ್.ಎಕ್ಸ್. ಟೂಲ್ ಎಂಬ ಹೆಸರಿನಲ್ಲಿ ಕತೆ ಬರೆಯುತ್ತಿದ್ದ ಜೆರಿ ಬಾಯ್ಡ್ ಬಾಕ್ಸಿಂಗ್ ಕಲಿತದ್ದೂ ಇವರ ಬಳಿಯೇ. ಆತ ಇಳಿವಯಸ್ಸಿನಲ್ಲಿ ಪ್ರಕಟಿಸಿದ ಕತೆಯೊಂದರಿಂದ 2004ರಲ್ಲಿ 'ಮಿಲಿಯನ್ ಡಾಲರ್ ಬೇಬಿ' ಚಿತ್ರ ಬಂತು, ಆಸ್ಕರ್ ಪಡೆಯಿತು. ಅದರ ನಾಯಕಿಗೆ ತಂದೆಯ ಹೆಸರಿನ ಆಸರೆಯಿಲ್ಲ. ಹೋಟೆಲಿನಲ್ಲಿ ದುಡಿದು, ಗಿರಾಕಿ ಬಿಟ್ಟ ಎಂಜಲು ತಿಂದು ಗುದ್ದಾಟ ಕಲಿಯುವ ಹುಡುಗಿ. ಲೋಕ ಅವಳಿಗಾಗಿ ಚಿತ್ರಮಂದಿರದಲ್ಲಿ ಅತ್ತಿತು. ಅದೇ ವರ್ಷ ನಿಜದ ವುಲ್ಫ್ ಲೋಕದ ಕಣ್ಣಿಗೆ ಬೀಳಲಿಲ್ಲ.

ಹೆಸರು ಬಾಗಿಲು ತೆರೆಸಿತು, ನಿಜ. ಆದರೆ ಎಷ್ಟು ತೆರೆಯಿತು? 2005ರ ಜೂನ್ 11ರಂದು ವಾಷಿಂಗ್ಟನ್‌ನಲ್ಲಿ ಎರಿನ್ ಟಫಿಲ್ ಅವರನ್ನು ಮೂರನೆಯ ಸುತ್ತಿನಲ್ಲಿ ನಿಲ್ಲಿಸಿ ಲೈಲಾ ಡಬ್ಲ್ಯುಬಿಸಿ ಪಟ್ಟ ಗೆದ್ದರು. ಆ ರಾತ್ರಿಯ ಮುಖ್ಯ ಪಂದ್ಯ ಅದಾಗಿರಲಿಲ್ಲ. ಕೆವಿನ್ ಮೆಕ್‌ಬ್ರೈಡ್ ಎದುರು ಸುಸ್ತಾಗಿ ಸ್ಟೂಲಿನಿಂದೇಳದ ಮೈಕ್ ಟೈಸನ್ ಅವರದು ಮುಖ್ಯ ಪಂದ್ಯ. 2006ರಲ್ಲಿ ತಂದೆಯ ಹೆಸರಿನೊಡನೆ ಬೆಸೆದುಕೊಂಡ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಶೆಲ್ಲಿ ಬರ್ಟನ್ ಅವರನ್ನು ಸೋಲಿಸಿದಾಗಲೂ ಮೇಲಿನ ಸ್ಥಾನ ಕ್ಲಿಚ್‌ಕೊ ಅವರಿಗೆ. ಮಹಿಳೆಯರ ಸುತ್ತು ಎರಡೇ ನಿಮಿಷ, ಗಂಡಸರದು ಮೂರು. 1971ರಲ್ಲಿ ತಂದೆಯರು ಅದೇ ಗಾರ್ಡನ್‌ನಲ್ಲಿ 45 ನಿಮಿಷ ಕಾದಿದ್ದರು; ಮಕ್ಕಳಿಗೆ ವೆರೋನಾದಲ್ಲಿ ಸಿಕ್ಕಿದ್ದು 16 ನಿಮಿಷ. ಹೆಣ್ಣಿನ ದೇಹಕ್ಕೆ ಕರುಣೆ ಎಂದು ಇದನ್ನು ಸಮರ್ಥಿಸುವವರು, ಕಡಿಮೆ ಹೊತ್ತಿಗೆ ಕಡಿಮೆ ಸಂಬಳ ಎಂಬ ಮುಂದಿನ ಮಾತನ್ನು ಆಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಟಿ ಟೇಲರ್ ಮತ್ತು ಅಮಾಂಡಾ ಸೆರ್ರಾನೊ ಅದೇ ಗಾರ್ಡನ್‌ನ ಮುಖ್ಯ ಪಂದ್ಯ ಆಡಿದರು, ಒಬ್ಬೊಬ್ಬರೂ ಹತ್ತು ಲಕ್ಷ ಡಾಲರಿಗೆ ಮೀರಿ ಪಡೆದರು. 2023ರಲ್ಲಿ ಸೆರ್ರಾನೊ ಹಟ ಹಿಡಿದು ಮೂರು ನಿಮಿಷದ 12 ಸುತ್ತು ಆಡಿ ಗೆದ್ದರು. ಲೈಲಾ ನಿವೃತ್ತರಾಗಿ ಆಗ 16 ವರ್ಷ. ಅಷ್ಟು ದೊಡ್ಡ ಹೆಸರು ಬಂದು ಹೋದರೂ ಹಿಂದೆ ನಿಂತವರಿಗೆ ಬಾಗಿಲು ಮತ್ತೆ ಮುಚ್ಚಿಕೊಂಡಿತ್ತು. ಅಲಿಯ ಮಗಳು ಎಂಬ ಕೌತುಕಕ್ಕೆ ದುಡ್ಡು ಕೊಟ್ಟ ಜನ ಮಹಿಳಾ ಬಾಕ್ಸಿಂಗ್‌ಗೆ ದುಡ್ಡು ಕೊಡುತ್ತಿದ್ದಾರೆಂದು ಆ ಕಾಲದವರು, ನಮ್ಮನ್ನೂ ಸೇರಿಸಿ, ತಪ್ಪು ತಿಳಿದರು.

ಲೈಲಾ 'ನಮ್ಮವಳು' ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ತಂದೆಯ ಧರ್ಮವನ್ನು ತಾನು ಅನುಸರಿಸುವವಳಲ್ಲ ಎಂದು ಅವರು ಬಹಳ ಹಿಂದೆಯೇ ಹೇಳಿದ್ದಾರೆ. ಹೆಸರು ಕಂಡೊಡನೆ ಹೆಮ್ಮೆಪಟ್ಟ ನಾವೂ, ಚಿತ್ರ ಕಂಡೊಡನೆ ಪತ್ರಿಕೆ ಮಡಚಿದ ಮಾಮುವೂ ಆಕೆಯನ್ನು ಕೇಳದೆ ಮನೆಯ ಪಡಿತರ ಚೀಟಿಯಲ್ಲಿ ಆಕೆಯ ಹೆಸರು ಬರೆದುಕೊಂಡಿದ್ದೆವು. 2005ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಆಸಾ ಸಾಂಡೆಲ್ ಅವರನ್ನು ಲೈಲಾ ಸೋಲಿಸುವಾಗ ಕಾಯಿಲೆಯ ತಂದೆ ಎದುರಿಗೇ ಕುಳಿತಿದ್ದರು. ಆ ಮಟ್ಟಿಗೆ ಅಪ್ಪ ಮಗಳು ತಮ್ಮ ಲೆಕ್ಕವನ್ನು ತಾವೇ ಚುಕ್ತಾ ಮಾಡಿಕೊಂಡಿದ್ದರು.

ಕೊನೆಯ ಪಂದ್ಯ ಜೋಹಾನ್ಸ್‌ಬರ್ಗ್ ಸಮೀಪ, ಗಯಾನಾದ ಗ್ವೆಂಡೊಲಿನ್ ಓನೀಲ್ ಎದುರು. ಹಿಂದೆ ಸೋಲಿಸಿದ್ದ ಎದುರಾಳಿಯೇ. ಈ ಸಲ ಒಂದು ಸುತ್ತೂ ಪೂರ್ತಿಯಾಗಲಿಲ್ಲ. ಆಗಿನ್ನೂ 29. ಅದೇ ವರ್ಷ ಟಿ.ವಿ.ಯ ನೃತ್ಯಸ್ಪರ್ಧೆಯಲ್ಲಿ ಮೂರನೆಯವರಾದರು, ಮದುವೆಯಾದರು, ರಿಂಗಿಗೆ ಮರಳಲಿಲ್ಲ.

ವೆರೋನಾದಿಂದ ಸ್ವಲ್ಪ ದೂರದಲ್ಲೇ ಇರುವ ಕ್ಯಾನಸ್ಟೋಟಾದಲ್ಲಿ ಬಾಕ್ಸಿಂಗ್ ದಿಗ್ಗಜರ ಗೌರವ ಭವನವಿದೆ. ಮಹಿಳೆಯರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 2020ರ ಪಟ್ಟಿಯಲ್ಲಿ. ಮೊದಲು ಸೇರಿದವರಲ್ಲಿ ಕ್ರಿಸ್ಟಿ ಮಾರ್ಟಿನ್ ಒಬ್ಬರು. 2021ರ ಪಟ್ಟಿಯಲ್ಲಿ ಲೈಲಾ ಅಲಿ ಮತ್ತು ಆ್ಯನ್ ವುಲ್ಫ್ ಇಬ್ಬರೂ ಒಟ್ಟಿಗೆ ಬಂದರು. ಇಬ್ಬರ ಹೆಸರಿನ ಮುಂದೆಯೂ 24 ಗೆಲುವು. ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಒಂದು. ಅವರಿಬ್ಬರೂ 2004ರಲ್ಲಿ ಎದುರಾಗಿದ್ದರೆ? ಮೊದಲ ಮೂರು ಸುತ್ತಿನೊಳಗೆ ಮುಗಿದಿದ್ದರೆ ವುಲ್ಫ್, ಐದನೆಯ ಸುತ್ತಿಗೆ ದಾಟಿದ್ದರೆ ಆ ಉದ್ದನೆಯ ಎಡಗೈಯ ಬಲದಿಂದ ಲೈಲಾ ಎಂಬುದು ನಮ್ಮ ಊಹೆ. ನಮ್ಮ ಮನೆಯಲ್ಲಿ ಇದನ್ನು ಒಪ್ಪದವರಿದ್ದಾರೆ.