ಬಂಡ್ರಿಯ ತಾಯಿ ಸಾಲು ಯಾವುದು? ಶಾಸನಪಟ್ಟಿಗಳ ಬಗ್ಗೆ ಒಂದು ತಕರಾರು

ಊರುಗಳ ಶಾಸನಪಟ್ಟಿಯನ್ನು ಎಕ್ಸ್‌ಎಂಎಲ್ ಕಡತದಲ್ಲಿ ಇಡುವಾಗ ಸಾಮಾನ್ಯವಾಗಿ ಒಂದು ಜಾಗಕ್ಕೆ ಒಂದು ಸಾಲು. ಸಾಲಿಗೊಂದು ಗುರುತುಸಂಖ್ಯೆ, ಒಂದು ಹೆಸರು, ಜೊತೆಗೆ ‘ನನ್ನ ತಾಯಿ ಇಂಥ ಸಾಲು’ ಅಂತ ಹೇಳೋ ಇನ್ನೊಂದು ಸಂಖ್ಯೆ. ಬಂಡ್ರಿಯ ಸಾಲು ಸಂಡೂರನ್ನು ತೋರಿಸುತ್ತೆ, ಸಂಡೂರಿನದು ಬಳ್ಳಾರಿಯನ್ನು, ಬಳ್ಳಾರಿಯದು ಕರ್ನಾಟಕವನ್ನು. ಕಡತದಲ್ಲಿ ಮಾತ್ರ ಇವೆಲ್ಲ ಒಂದರ ಕೆಳಗೊಂದು ಚಪ್ಪಟೆಯಾಗಿ ಕೂತಿರ್ತವೆ. ಓದುಗರಿಗೆ ಬೇಕಾದ್ದು ಜಿಲ್ಲೆ ಒತ್ತಿದರೆ ತಾಲ್ಲೂಕು, ತಾಲ್ಲೂಕು ಒತ್ತಿದರೆ ಊರು ತೆರೆದುಕೊಳ್ಳುವ ಪಟ್ಟಿ. ಅದಕ್ಕೆ ಪಿಎಚ್‌ಪಿಯಲ್ಲಿ ಎಲ್ಲರ ಕೈಯಲ್ಲೂ ಓಡಾಡುವ ಒಂದು ವಿಧಾನ ಇದೆ. ವಿಧಾನ ಚೆನ್ನಾಗೇ ಇದೆ. ಅದನ್ನ ಹಾಗೇ ತಂದು ಶಾಸನಕ್ಕೆ ಹಚ್ಚೋದರ ಬಗ್ಗೆ ನನ್ನ ತಕರಾರು.

ವಿಧಾನ ಇಷ್ಟೇ. ಸಿಂಪಲ್‌ಎಕ್ಸ್‌ಎಂಎಲ್‌ನಿಂದ ಕಡತ ಓದಿ, ಒಂದೇ ಸುತ್ತಿನಲ್ಲಿ ಪ್ರತಿ ಸಾಲನ್ನೂ ಅದರ ತಾಯಿಯ ಸಂಖ್ಯೆ ಬರೆದ ಬುಟ್ಟಿಗೆ ಹಾಕೋದು. ಆಮೇಲೆ ತನ್ನನ್ನು ತಾನೇ ಕರೆದುಕೊಳ್ಳುವ ಚಿಕ್ಕ ಫಂಕ್ಷನ್ನು: ಬುಟ್ಟಿ ತೆರೆ, ಒಂದೊಂದೇ ಹೆಸರು ಬರೆ, ಆ ಹೆಸರಿಗೂ ಬುಟ್ಟಿ ಇದ್ದರೆ ಒಳಕ್ಕೆ ಇಳಿ. ಪ್ರತಿ ಊರಿಗೂ ಇಡೀ ಕಡತ ತಡಕಾಡಿದರೆ 1,000 ಸಾಲಿಗೆ 10 ಲಕ್ಷ ಹೋಲಿಕೆ ಆಗುತ್ತೆ. ಬುಟ್ಟಿ ಕಟ್ಟಿದರೆ ಎರಡು ಸುತ್ತಿನಲ್ಲಿ ಮುಗೀತು. ಹೊಸಬರು ಎಡವೋದು ಒಂದು ಕಡೆ: ಸಿಂಪಲ್‌ಎಕ್ಸ್‌ಎಂಎಲ್ ಕೊಡೋ ಸಂಖ್ಯೆ ನೋಡೋಕೆ ಅಕ್ಷರ, ನಿಜವಾಗಿ ಆಬ್ಜೆಕ್ಟು. ಅದನ್ನು ಸ್ಟ್ರಿಂಗ್ ಮಾಡಿಕೊಳ್ಳದೆ ಬುಟ್ಟಿಯ ಹೆಸರಾಗಿ ಬಳಸಿದರೆ ಪಿಎಚ್‌ಪಿ ಒಪ್ಪಲ್ಲ.

ಅದು ತಪ್ಪಿದರೆ ಕಂಪ್ಯೂಟರೇ ಕೂಗಿ ಹೇಳುತ್ತೆ. ಕೂಗದೆ ಇರೋ ತಪ್ಪೇ ನಮಗೆ ಅಪಾಯ. ಫಂಕ್ಷನ್ನು ಬೇರಿನಿಂದ ಶುರುಮಾಡಿ ಕೆಳಗಿಳಿಯೋದರಿಂದ, ತಾಯಿಯ ಸಂಖ್ಯೆ ಕಡತದಲ್ಲೇ ಇಲ್ಲದ ಸಾಲಿಗೆ ಅದು ಎಂದೂ ತಲುಪಲ್ಲ. ಯಾರೋ ಸಂಡೂರಿನ ಸಂಖ್ಯೆ ಬದಲಿಸಿ, ಬಂಡ್ರಿಯ ಸಾಲಿನಲ್ಲಿ ಹಳೇದನ್ನೇ ಬಿಟ್ಟರು ಅನ್ನಿ. ಬಂಡ್ರಿ ಮತ್ತು ಅದರ ಕೆಳಗೆ ದಾಖಲಾದದ್ದೆಲ್ಲ ಪರದೆಯಿಂದ ಮಾಯ, ಒಂದು ದೋಷಸಂದೇಶವೂ ಇಲ್ಲದೆ. ಅಂಗಡಿಯ ಪಟ್ಟಿಯಲ್ಲಿ ಸಾಮಾನು ಬಿಟ್ಟುಹೋದರೆ ಮಾಲೀಕ ಕಂಡುಹಿಡೀತಾನೆ. ಶಾಸನಪಟ್ಟಿ ನೋಡೋಕೆ ಬಂದವರಿಗೆ ಅಲ್ಲಿ ಏನಿದೆ ಅಂತ ಮೊದಲೇ ಗೊತ್ತಿರಲ್ಲ. ಕಾಣಲಿಲ್ಲ ಅಂದರೆ ‘ಆ ಊರಲ್ಲಿ ಶಾಸನ ಇಲ್ಲ’ ಅಂತಲೇ ಬರೆದುಕೊಂಡು ಹೋಗ್ತಾರೆ. ಅವರ ಬರಹದಿಂದ ಇನ್ನೊಬ್ಬರು ಎತ್ತಿಕೊಳ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಈ ವಿಧಾನದಲ್ಲಿ ಮಗುವಿಗೆ ಒಬ್ಬಳೇ ತಾಯಿ. ನಮ್ಮ ಸೀಮೆಯಲ್ಲಿ ಯಾವ ಊರಿಗೂ ಹಾಗಿಲ್ಲ. ಕಂಪ್ಲಿ ಈಚಿನವರೆಗೂ ಹೊಸಪೇಟೆ ತಾಲ್ಲೂಕಿನಲ್ಲಿತ್ತು, ಆಮೇಲೆ ತಾನೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಆ ಕಡೆ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹಳೇ ಪಟ್ಟಿಯಲ್ಲಿ ಹೊಸಪೇಟೆಯ ತಾಯಿಯನ್ನಷ್ಟೇ ‘ವಿಜಯನಗರ’ ಅಂತ ತಿದ್ದಿದರೆ, ಹಂಪಿ ಸರಿಯಾಗಿ ಹೋಗುತ್ತೆ, ಅದರ ಜೊತೆ ಕಂಪ್ಲಿಯನ್ನೂ ಎಳಕೊಂಡು ಹೋಗುತ್ತೆ. ಸಂಡೂರಂತೂ 1949ರವರೆಗೆ ಪ್ರತ್ಯೇಕ ಸಂಸ್ಥಾನ, ಆಮೇಲೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ. ಇದು ಬರೀ 70–80 ವರ್ಷದ ಕಥೆ. ಶಾಸನದೊಳಗೆ ಇಳಿದರೆ ಅಲ್ಲಿ ಜಿಲ್ಲೆಯೂ ಇಲ್ಲ, ತಾಲ್ಲೂಕೂ ಇಲ್ಲ. ಕೋಗಳಿ-500, ಬಳ್ಳಕುಂದೆ-300, ನೊಳಂಬವಾಡಿ-32000. ಅದೂ ತಾಯಿ-ಮಗು ಲೆಕ್ಕವೇ, ಬೇರೆ ಮರದ್ದು.

ಅಚ್ಚಿನ ಸಂಪುಟಗಳೂ ಒಂದೇ ಮರ ಹಿಡಿದಿಲ್ಲ. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಾಲ್ಲೂಕುವಾರು ಹೋಗುತ್ತೆ. ಬಳ್ಳಾರಿ ಸೀಮೆ ಆಗ ಮದ್ರಾಸಿನಲ್ಲಿದ್ದದ್ದಕ್ಕೆ ಇಲ್ಲಿಯ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟದಲ್ಲಿ ಹುಡುಕಬೇಕು. ಅಲ್ಲಿ ಜೋಡಣೆ ರಾಜವಂಶದ ಪ್ರಕಾರ. ಎರಡನ್ನೂ ಒಂದೇ ಚೌಕಟ್ಟಿಗೆ ತುರುಕಿದವರು ಯಾವುದೋ ಒಂದು ತಾಯಿಯನ್ನು ಅಳಿಸಿಯೇ ತುರುಕಿರ್ತಾರೆ.

ಕೋಡು ಎಸೆಯಬೇಕಿಲ್ಲ. ತಾಯಿಯ ಸಂಖ್ಯೆಯನ್ನು ಊರಿನ ಸಾಲಿನಿಂದ ಕಿತ್ತು, ಸಂಬಂಧಕ್ಕೇ ಒಂದು ಸಾಲು ಕೊಟ್ಟರೆ ಸಾಕು: ಮಗು, ತಾಯಿ, ಯಾವ ಮರ (ಇಂದಿನ ಆಡಳಿತವೋ, ಶಾಸನೋಕ್ತ ನಾಡೋ, ಸಂಪುಟವೋ), ಯಾವಾಗಿನಿಂದ ಯಾವಾಗಿನವರೆಗೆ, ಆಧಾರ ಏನು. ಬುಟ್ಟಿ ತುಂಬುವಾಗ ಬೇಕಾದ ಮರ, ಬೇಕಾದ ವರ್ಷ ಸೋಸಿಕೊಂಡರಾಯ್ತು, ಫಂಕ್ಷನ್ನು ಅದೇ. ಅಚ್ಚಿನ ಸಂಪುಟದಲ್ಲಿ ‘ಹೊಸಪೇಟೆ ತಾಲ್ಲೂಕು’ ಅಂತ ಇದ್ದರೆ ಆ ಉಲ್ಲೇಖ ಹಾಗೇ ಇರಲಿ, ಅದನ್ನು ಇವತ್ತಿನ ನಕ್ಷೆಗೆ ತಿದ್ದೋ ಹಕ್ಕು ಯಾರಿಗೂ ಇಲ್ಲ.

ಜೊತೆಗೆ, ಫಂಕ್ಷನ್ನು ಮುಟ್ಟಿದ ಪ್ರತಿ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಬೇಕು. ಕೊನೆಗೆ ಮುಟ್ಟದೆ ಉಳಿದವನ್ನು ‘ನೆಲೆ ತಿಳಿಯದವು’ ಅಂತ ಪಟ್ಟಿಯ ಕೆಳಗೇ ತೋರಿಸಬೇಕು. ಅ ಊರಿನ ತಾಯಿ ಆ, ಆ ಊರಿನ ತಾಯಿ ಅ ಅಂತ ಸುತ್ತಿಕೊಂಡ ಸಾಲುಗಳೂ ಬೇರಿಗೆ ತಗುಲದೆ ಅಲ್ಲೇ ಸಿಕ್ಕಿಬೀಳ್ತವೆ. ಇಂದಿಗೂ ಗುರುತಿಸಲಾಗದ ಶಾಸನೋಕ್ತ ಊರುಗಳೂ ಅದೇ ಗುಂಪಿಗೆ ಬಂದು ಸೇರ್ತವೆ, ಮತ್ತು ನಿಜ ಹೇಳಬೇಕೂಂದ್ರೆ ನಾನು ಯಾವ ಪಟ್ಟಿ ತೆರೆದರೂ ಮೊದಲು ಓದೋದು ಆ ಗುಂಪನ್ನೇ.