ಬೆಳಕಿನ ಅಳತೆ ಮತ್ತು ಪಾಠನಿರ್ಣಯ

ದಿಗ್ಗೇವಾಡಿಯನ್ನೊಳಗೊಂಡ ರಾಯಬಾಗ-ಚಿಕ್ಕೋಡಿ ಸೀಮೆ ಹಿಂದೆ ಸವದತ್ತಿಯ ರಟ್ಟರ ಆಳ್ವಿಕೆಗೆ ಸೇರಿದ್ದಿತು. ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟುದನ್ನು ಹೇಳುವ ನಾಲ್ಕನೆಯ ಕಾರ್ತವೀರ್ಯನ ಬೆಳಗಾವಿ ಶಾಸನಗಳು (1204) ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇಲ್ಲಿಯ ವಿದ್ವಾಂಸರಿಗೆ ಬಾರ್ನೆಟ್ಟರು ಪ್ರಕಟಿಸಿದ ಪಾಠವೇ ಆಧಾರ. ಇಂತಹ ಶಿಲೆಗಳನ್ನು ಮುಟ್ಟದೆ ಬೆಳಕಿನಿಂದಲೇ ಅಳೆಯುವ ಉಪಕರಣಗಳು ಒದಗಿಬಂದಿರುವುದರಿಂದ, ದೂರದ ಕಲ್ಲನ್ನು ಕುಳಿತಲ್ಲೇ ಪರಿಶೀಲಿಸುವ ಮಾರ್ಗ ತೆರೆದಂತಾಗಿದೆ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಕೈಗೊಂಡ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಕಾರ್ಯ ಈ ವಿಧಾನಕ್ಕೆ ನಿದರ್ಶನ. ಉಪಕರಣವು ಗೊತ್ತಾದ ವಿನ್ಯಾಸದ ಬೆಳಕನ್ನು ಕಲ್ಲಿನ ಮೇಲೆ ಚೆಲ್ಲುತ್ತದೆ. ತಗ್ಗುದಿಣ್ಣೆಗಳಲ್ಲಿ ಆ ವಿನ್ಯಾಸ ಎಷ್ಟು ಬಾಗಿತೆಂಬುದನ್ನು ಬೇರೊಂದು ಕೋನದಲ್ಲಿರುವ ಕ್ಯಾಮೆರಾ ಗ್ರಹಿಸುತ್ತದೆ. ಅದರಿಂದ ಪ್ರತಿಯೊಂದು ಬಿಂದುವಿನ ಆಳ ಲೆಕ್ಕಕ್ಕೆ ಸಿಗುತ್ತದೆ. ಒದ್ದೆ ಕಾಗದವನ್ನು ಬಡಿದು ಮಸಿ ಹಚ್ಚಿ ತೆಗೆಯುವ ಪಡಿಯಚ್ಚಿನಲ್ಲಿ ಸವೆದ ಗೀರಿನೊಳಕ್ಕೂ ಮಸಿ ತಗುಲಿ ಅಕ್ಷರ ಮುಚ್ಚಿಹೋಗುವುದುಂಟು. ಬೆಳಕಿನ ಅಳತೆಗೆ ಆ ದೋಷವಿಲ್ಲ. ಕಲ್ಲಿನ ಬಣ್ಣ, ಕಲೆಗಳು ಅದನ್ನು ಅಷ್ಟಾಗಿ ಕಾಡುವುದೂ ಇಲ್ಲ.

ಆದರೆ ಉಳಿಯ ಗೀರಿಗೂ ಮಳೆಯಿಂದಾದ ಕುಳಿಗೂ ಬೆಳಕು ಭೇದವೆಣಿಸದು. ಸೊನ್ನೆಯೋ ಬರಿಯ ಗುಳಿಯೋ ಎಂಬುದನ್ನು ನಿರ್ಣಯಿಸಬೇಕಾದವನು ಲಿಪಿಜ್ಞನೇ. ತೆರೆಯ ಮೇಲೆ ಎಷ್ಟು ಆಳವನ್ನು ಕಪ್ಪಾಗಿಸಬೇಕೆಂಬುದೂ ಮನುಷ್ಯನ ಆಯ್ಕೆ. ಆ ಆಯ್ಕೆಯನ್ನು ತಿಳಿಸದೆ ಚಿತ್ರವನ್ನಷ್ಟೇ ಅಚ್ಚುಮಾಡಿದರೆ ಅದು ಪ್ರಮಾಣವಾಗದು, ವ್ಯಾಖ್ಯಾನವಾದೀತು.

ಓಲೆಗರಿಯ ಸಮಸ್ಯೆ ಬೇರೆ. ಕಂದಿದ ಗರಿಯೂ ಕಾಡಿಗೆ ತುಂಬಿದ ಅಕ್ಷರವೂ ಕಣ್ಣಿಗೆ ಒಂದೇ ಬಣ್ಣವಾಗಿ ಕಂಡಾಗ ಅಲ್ಲಿ ಉಪಕಾರಿಯಾಗುವುದು ಅವಕೆಂಪು ಕಿರಣ: ಗರಿ ಅದನ್ನು ಹಿಂದಿರುಗಿಸುತ್ತದೆ, ಕಾಡಿಗೆ ಹೀರುತ್ತದೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಗರಿಗಳನ್ನು ರಾಚೆಸ್ಟರಿನ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಇವರು ಹೀಗೆಯೇ ಚಿತ್ರಿಸಿದ ಸಂಗತಿ 2006ರಲ್ಲಿ ಪ್ರಕಟವಾಯಿತು.

ಜೈನ ಪಂಡಿತರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಷಟ್ಖಂಡಾಗಮದ ಸತ್ಪ್ರರೂಪಣೆಯಲ್ಲಿ ಮಾನುಷಿಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದ ‘ಸಂಜದ’ ಪದವನ್ನು ನೆನೆದರೆ ಸಾಕು. ಹೀರಾಲಾಲ ಜೈನರು 1939ರಲ್ಲಿ ಪ್ರಕಟಿಸಿದ ಮೊದಲ ಸಂಪುಟದ ಮೂಲಪಾಠದಲ್ಲಿ ಅದಿರಲಿಲ್ಲ. ಇರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಗಿತ್ತು. ಮೂಡಬಿದಿರೆಯ ಓಲೆಪ್ರತಿಯಲ್ಲಿ ಪದವಿರುವುದು ಆಮೇಲೆ ತಿಳಿಯಿತು. ಇದೇ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಧವಲಾ ತಾಮ್ರಪತ್ರಕ್ಕೆ ಏರುವಾಗಲೂ ವಿವಾದ ಎದ್ದುದು ಈ ಪದದ ಸುತ್ತಲೇ. ಸ್ತ್ರೀಮುಕ್ತಿಯ ವಿಚಾರ ಅದಕ್ಕೆ ತೆಕ್ಕೆಹಾಕಿಕೊಂಡಿದ್ದುದರಿಂದ ವಾದಕ್ಕೆ ಕಾವೇರಿತು.

ಗರಿಯಲ್ಲಿ ಪದವಿದೆಯೇ, ತಿದ್ದುಪಡಿಯ ಗುರುತುಂಟೇ ಎಂಬುದಕ್ಕೆ ಉಪಕರಣ ಸಾಕ್ಷಿ ನುಡಿದೀತು. ಮಾನುಷಿ ಶಬ್ದ ಭಾವಸ್ತ್ರೀಪರವೋ ದ್ರವ್ಯಸ್ತ್ರೀಪರವೋ ಎಂಬುದನ್ನು ಅದು ಹೇಳಲಾರದು. ಅದನ್ನು ವೀರಸೇನಾಚಾರ್ಯರ ಟೀಕೆಯಿಂದಲೇ ತಿಳಿಯಬೇಕು. ಮುಂದೆ ಧವಲಾದ ಗರಿಗಳು ಹೀಗೆ ಚಿತ್ರಿತವಾದಾಗ, ಸಂಸ್ಕರಿಸದ ಮೂಲಚಿತ್ರ, ಬಳಸಿದ ಕಿರಣದ ವಿವರ, ಸಂದಿಗ್ಧ ಅಕ್ಷರಗಳ ಪಟ್ಟಿ ಇವು ಮೂರೂ ಪಾಠದೊಡನೆ ಅಚ್ಚಾಗುವುದು ಅವಶ್ಯ.