ಸಾಲದವರ ಹಳ್ಳಿ: ಜಾವಾದ ಗದ್ದೆ, ಪಾಲು ಮತ್ತು ಒಡೆತನ

ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಕ್ಲಿಫರ್ಡ್ ಗೀರ್ಟ್ಸ್ ಹೆಸರು ಕೇಳಿಬರುವುದು ಹೆಚ್ಚಾಗಿ ‘ಗಾಢ ವಿವರಣೆ’ ಎಂಬ ಪರಿಕಲ್ಪನೆಯ ಜೊತೆಗೆ. ಸಂಸ್ಕೃತಿಯನ್ನು ಪಠ್ಯದಂತೆ ಓದಬಹುದು ಎಂದ ಮಾನವಶಾಸ್ತ್ರಜ್ಞ ಆತ, ಹಾಗಾಗಿ ಸಾಹಿತ್ಯದವರಿಗೆ ಹತ್ತಿರದವನು. ಆದರೆ ಆ ಖ್ಯಾತಿಗೂ ಮುಂಚೆ ಗೀರ್ಟ್ಸ್ ಬರೆದದ್ದು ಭತ್ತದ ಗದ್ದೆಗಳ ಬಗ್ಗೆ. 1952ರಿಂದ 54ರವರೆಗೆ ಪೂರ್ವ ಜಾವಾದ ಪಾರೆ ಎಂಬ ಊರಿನ ಸುತ್ತ ಕ್ಷೇತ್ರಕಾರ್ಯ ಮಾಡಿ, ತನ್ನ ಬರಹಗಳಲ್ಲಿ ಅದನ್ನು ‘ಮೊಜೊಕುಟೊ’ ಎಂದು ಕರೆದರು. 1963ರಲ್ಲಿ ‘ಅಗ್ರಿಕಲ್ಚರಲ್ ಇನ್‌ವಲ್ಯೂಷನ್’ ಎಂಬ ಸಣ್ಣ ಪುಸ್ತಕ ಹೊರಬಂತು. ಗ್ರಾಮಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪುಸ್ತಕ ಮತ್ತೆ ಮತ್ತೆ ಎದುರಾಗುತ್ತದೆ. ಕಾರಣ, ಅದರೊಳಗಿನ ಎರಡು ಪದಗಳು.

ಜಾವಾದ ಹಳ್ಳಿ ಉಳ್ಳವರು, ಇಲ್ಲದವರು ಎಂದು ಒಡೆದಿಲ್ಲ ಎನ್ನುತ್ತಾರೆ ಗೀರ್ಟ್ಸ್. ಅಲ್ಲಿಯ ಜನ ತಮ್ಮನ್ನು ‘ಚುಕುಪಾನ್’ ಮತ್ತು ‘ಕಕುರಾಂಗಾನ್’ ಎಂದು ಗುರುತಿಸಿಕೊಳ್ಳುತ್ತಾರಂತೆ. ಮೊದಲನೆಯದಕ್ಕೆ ಸಾಕಾಗುವಷ್ಟು ಇರುವವರು ಎಂದು ಅರ್ಥ. ಎರಡನೆಯದನ್ನು ಕನ್ನಡದಲ್ಲಿ ‘ಸಾಲದವರು’ ಎನ್ನಬಹುದು, ಇರುವುದು ಸಾಲದೆ ಬಂದವರು. ಆದರೆ ‘ಸಾಲದವರು’ ಎಂದ ಕೂಡಲೇ ನಮ್ಮ ಕಿವಿಗೆ ಸಾಲ ಮಾಡಿಕೊಂಡವರೂ ಕೇಳಿಸುತ್ತಾರೆ. ಜಾವಾದ ಮಟ್ಟಿಗೆ ಅದು ಅಪಾರ್ಥವೇನಲ್ಲ. ಪೈರು ಇನ್ನೂ ಹಸಿರಾಗಿರುವಾಗಲೇ ಅದರ ಮೇಲೆ ಮುಂಗಡ ಪಡೆದು ಅಗ್ಗಕ್ಕೆ ಮಾರಿಕೊಳ್ಳುವ ಪದ್ಧತಿಗೆ ಅಲ್ಲಿ ‘ಇಜೋನ್’ ಎನ್ನುತ್ತಾರೆ. ‘ಇಜೋ’ ಎಂದರೆ ಹಸಿರು. ಸಾಲದವನು ಹಸಿರನ್ನು ಮಾರುತ್ತಾನೆ, ಸಾಕಾಗುವಷ್ಟು ಇರುವವನು ಅದನ್ನು ಕೊಳ್ಳುತ್ತಾನೆ. ಗೀರ್ಟ್ಸ್ ಕೊಟ್ಟ ಎರಡು ಮೃದುವಾದ ಪದಗಳ ನಡುವೆ ಇಂಥದೊಂದು ವ್ಯವಹಾರವಿದೆ. ಅದನ್ನು ಬಿಟ್ಟು ಓದಿದರೆ ಹಳ್ಳಿ ಬೇರೆಯೇ ಆಗಿ ಕಾಣುತ್ತದೆ.

ಪುಸ್ತಕದ ವಾದ ಸ್ಥೂಲವಾಗಿ ಹೀಗಿದೆ. 1830ರಲ್ಲಿ ಡಚ್ಚರು ‘ಕಲ್ಟೂರ್‌ಸ್ಟೆಲ್ಸೆಲ್’ ಎಂಬ ಬೇಸಾಯ ಪದ್ಧತಿಯನ್ನು ಹೇರಿದರು. ಹಳ್ಳಿಗಳು ತಮ್ಮ ಭೂಮಿಯ ಒಂದು ಭಾಗದಲ್ಲಿ ಕಬ್ಬು, ನೀಲಿಯಂಥ ರಫ್ತಿನ ಬೆಳೆ ಬೆಳೆದು ಸರ್ಕಾರಕ್ಕೆ ಕೊಡಬೇಕಿತ್ತು. 1870ರ ಭೂಕಾಯಿದೆಯ ನಂತರ ಖಾಸಗಿ ಬಂಡವಾಳ ಬಂತು. ಸ್ಥಳೀಯರ ಗದ್ದೆಯನ್ನು ಪರಕೀಯರು ಕೊಳ್ಳುವಂತಿರಲಿಲ್ಲ, ಬಾಡಿಗೆಗೆ ಪಡೆಯಬಹುದಿತ್ತು. ಕಬ್ಬಿಗೂ ಭತ್ತಕ್ಕೂ ಬೇಕಾದದ್ದು ಒಂದೇ ನೀರಾವರಿ ಗದ್ದೆ, ಅಂದರೆ ‘ಸಾವಾಹ್’. ಹಾಗಾಗಿ ಒಂದೇ ನೆಲದಲ್ಲಿ ಸರದಿಯಂತೆ ಕಾರ್ಖಾನೆಯ ಕಬ್ಬು, ರೈತನ ಭತ್ತ. ಲಾಭ ಹೊರಗೆ ಹೋಯಿತು, ಜನಸಂಖ್ಯೆ ಒಳಗೆ ಬೆಳೆಯಿತು. 1930ರ ಜನಗಣತಿಯ ವೇಳೆಗೆ ಜಾವಾ ಮತ್ತು ಮದುರಾ ಸೇರಿ 4 ಕೋಟಿಗೂ ಹೆಚ್ಚು ಜನರಿದ್ದರು. ಆ ಜನರನ್ನೆಲ್ಲ ಗದ್ದೆಯೇ ಹೊತ್ತುಕೊಂಡಿತು. ಇನ್ನಷ್ಟು ಜಾಗ್ರತೆಯಾಗಿ ನಾಟಿ, ಇನ್ನೊಂದು ಸುತ್ತು ಕಳೆ, ಇನ್ನಷ್ಟು ಕೈಗಳ ಕುಯಿಲು. ಉತ್ಪನ್ನ ಹೆಚ್ಚಿದಂತೆ ಅದನ್ನು ಹಂಚಿಕೊಳ್ಳುವವರೂ ಹೆಚ್ಚಿದರು. ಗೀರ್ಟ್ಸ್ ಇದನ್ನು ‘ಹಂಚಿಕೊಂಡ ಬಡತನ’ ಎಂದು ಕರೆದರು.

ವಸಾಹತುಶಾಹಿ ಸಕ್ಕರೆಯೇ ಈ ಬಡತನದ ಮೂಲ ಎಂದು ತೋರಿಸಿದ್ದು ಈ ಪುಸ್ತಕದ ದೊಡ್ಡ ಬಲ. ಜಾವಾದ ರೈತ ಸೋಮಾರಿ, ಅದಕ್ಕೇ ಬಡವ ಎಂಬ ವಸಾಹತುಶಾಹಿ ಹರಟೆಗೆ ಇದಕ್ಕಿಂತ ಚೊಕ್ಕವಾದ ಉತ್ತರ ಕಡಿಮೆ. ನನ್ನ ತಕರಾರಿರುವುದು ‘ಹಂಚಿಕೊಂಡ’ ಎಂಬ ವಿಶೇಷಣದ ಬಗ್ಗೆ. ಹಂಚಿಕೆ ಎಂದ ಮೇಲೆ ಹಂಚುವವನೊಬ್ಬ ಇರಬೇಕು. ಅವನು ಯಾರು? ಯಾರನ್ನು ಕರೆಯುತ್ತಾನೆ, ಯಾರನ್ನು ಬಿಡುತ್ತಾನೆ?

ಜಾವಾದ ಹಳ್ಳಿಯಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ದೊಡ್ಡ ಪದಕೋಶವೇ ಇದೆ. ಗದ್ದೆ, ಮನೆ ನಿವೇಶನ ಎರಡೂ ಇದ್ದು ಹಳ್ಳಿಯ ಪೂರ್ಣ ಸದಸ್ಯನಾದವನು ಹಲವೆಡೆ ‘ಕುಲಿ ಕೆಂಚೆಂಗ್’. ಬಿಟ್ಟಿ ಕೆಲಸದ ಹೊರೆಯೂ ಅವನ ಮೇಲೆ, ಹಳ್ಳಿಯ ಮಾತುಕತೆಯಲ್ಲಿ ದನಿಯೂ ಅವನಿಗೆ. ಅವನ ಕೆಳಗೆ ಮನೆ, ಹಿತ್ತಲು ಮಾತ್ರ ಇರುವವರು. ಅವರಿಗಿಂತ ಕೆಳಗೆ ಇನ್ನೊಬ್ಬರ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡ ‘ಮಾಗರ್ಸಾರಿ’ಗಳು, ಇನ್ನೊಬ್ಬರ ಮನೆಯಲ್ಲೇ ಒಂದು ಮೂಲೆ ಹಿಡಿದವರು. ಹಳ್ಳಿಯ ಮುಖ್ಯಸ್ಥನಾದ ಲುರಾಹ್‌ಗೆ ಸಂಬಳದ ಬದಲು ‘ಬೆಂಗ್‌ಕೊಕ್’ ಎಂಬ ಗದ್ದೆ. ಇದನ್ನು ನಾವು ಉಂಬಳಿ ಎಂದರೆ ಸಾಕು, ವಿವರಣೆ ಬೇಡ. ಗದ್ದೆಯನ್ನು ಪಾಲಿಗೆ ಮಾಡುವವನಿಗೆ ಅರ್ಧ ಸಿಕ್ಕರೆ ‘ಮಾರೊ’, ಮೂರರಲ್ಲಿ ಒಂದು ಸಿಕ್ಕರೆ ‘ಮರ್ತೆಲು’. ಆಸ್ತಿ ಹಂಚುವಾಗ ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಮಾತಿದೆ: ‘ಸಪಿಕುಲ್ ಸಗೆಂಡಾಂಗ್’. ಗಂಡಸು ಅಡ್ಡೆ ಹೊತ್ತರೆ ಎರಡು ಬುಟ್ಟಿ, ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡರೆ ಒಂದು. ಆದರೂ ಗಂಡು ಹೆಣ್ಣೆನ್ನದೆ ಸಮನಾಗಿ ಹಂಚುವ ಮನೆಗಳೂ ಅಲ್ಲಿ ಬಹಳ. ಮದುವೆಯಾದ ಮೇಲೆ ಗಂಡ ಹೆಂಡತಿ ಕೂಡಿ ಗಳಿಸಿದ ಆಸ್ತಿಗೆ ‘ಗೊನೊಗಿನಿ’ ಎಂಬ ಬೇರೆಯೇ ಹೆಸರಿದೆ. ಬಿಡುಗಡೆಯಾದರೆ ಅದರಲ್ಲಿ ಹೆಂಡತಿಗೂ ಹಕ್ಕು. ಒಡೆತನವನ್ನು ಇಷ್ಟು ಸೂಕ್ಷ್ಮವಾಗಿ ಹೆಸರಿಸಿದ ಹಳ್ಳಿಯನ್ನು ಎರಡೇ ಪದಗಳಲ್ಲಿ ವಿವರಿಸಬಹುದೆಂದು ನನಗೆ ಅನ್ನಿಸುವುದಿಲ್ಲ.

ಈ ಪದಕೋಶದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ‘ಅನಿ-ಅನಿ’. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕತ್ತಿ ಅದು. ಅದರಿಂದ ಭತ್ತವನ್ನು ಒಂದೊಂದೇ ತೆನೆಯಾಗಿ ಕೊಯ್ಯುತ್ತಾರೆ. ಭತ್ತದ ದೇವತೆ ದೇವಿ ಶ್ರೀ ಹೆದರದಿರಲಿ ಎಂದು ಕತ್ತಿಯನ್ನು ಕೈಯೊಳಗೆ ಮರೆಮಾಡುತ್ತಾರೆ ಎಂಬುದು ನಂಬಿಕೆ. ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಕೂಲಿಯ ಬದಲು ಕೊಯ್ದದ್ದರಲ್ಲಿ ಒಂದು ಪಾಲು ಅವರಿಗೆ, ಅದು ‘ಬಾವೊನ್’. ಕುಯಿಲಿಗೆ ಬಂದವರನ್ನು ಹಿಂದೆ ಕಳಿಸಬಾರದು ಎಂಬುದು ಹಳ್ಳಿಯ ನೀತಿ. ಭೂಮಿಯಿಲ್ಲದ ಹೆಂಗಸಿಗೆ ಊರಿನ ಬೆಳೆಯ ಮೇಲೆ ಇದ್ದ ಹಕ್ಕು ಇದು. ಯಾವ ಕಾಗದದಲ್ಲೂ ಬರೆಯದ ಆಸ್ತಿ.

ಹಂಚಿಕೊಂಡ ಬಡತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎನ್ನಿಸಬಹುದು. 1970ರ ದಶಕದ ಮೊದಲಲ್ಲಿ ಬೆಂಜಮಿನ್ ವೈಟ್ ಮತ್ತು ಆನ್ ಸ್ಟೋಲರ್ ಯೋಗ್ಯಕಾರ್ತಾ ಪ್ರದೇಶದ ಒಂದು ಹಳ್ಳಿಯಲ್ಲಿ ಕೆಲಸ ಮಾಡಿದರು. ಅದಕ್ಕೆ ಅವರು ಕೊಟ್ಟ ಹೆಸರು ‘ಕಾಲಿ ಲೋರೊ’, ಎರಡು ಹೊಳೆ ಎಂದರ್ಥ. ಕುಯಿಲಿನ ಬಗ್ಗೆ ಸ್ಟೋಲರ್ 1977ರಲ್ಲಿ ಬರೆದ ಲೇಖನದಲ್ಲಿ ಕಾಣುವುದು ಇಷ್ಟು: ಒಂದೇ ಗದ್ದೆಯಲ್ಲಿ, ಒಂದೇ ಬಗೆಯ ಅನಿ-ಅನಿ ಹಿಡಿದ ಹೆಂಗಸರಿಗೆ ಸಿಗುವ ಪಾಲು ಒಂದೇ ಅಲ್ಲ. ಗದ್ದೆಯ ಒಡತಿಗೆ ಹತ್ತಿರದ ನೆಂಟರು, ನೆರೆಯವರಾದರೆ ದೊಡ್ಡ ಪಾಲು. ಸಂಬಂಧ ದೂರವಾದಂತೆ ಪಾಲೂ ಸಣ್ಣದು. ನಾಟಿ, ಕಳೆ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಟ್ಟು ಅದಕ್ಕೆ ಪ್ರತಿಯಾಗಿ ಕುಯಿಲಿನ ಹಕ್ಕನ್ನು ಗಳಿಸಿಕೊಳ್ಳುವ ‘ಕೆಡೊಕಾನ್’ ಪದ್ಧತಿಯೂ ಜಾವಾದಲ್ಲಿದೆ. ಅಂದರೆ ಪಾಲು ಎಂಬುದು ಔದಾರ್ಯದ ಲೆಕ್ಕವಲ್ಲ. ವರ್ಷವಿಡೀ ದುಡಿದು, ನಡೆದುಕೊಂಡು, ಸಂಬಂಧ ಕಾಪಾಡಿಕೊಂಡು ಉಳಿಸಿಕೊಳ್ಳಬೇಕಾದ ಹಕ್ಕು. ಅದನ್ನು ಕೊಡುವ ಅಧಿಕಾರ ಮಾತ್ರ ಗದ್ದೆ ಇದ್ದವರ ಕೈಯಲ್ಲೇ ಇತ್ತು. 1982ರಲ್ಲಿ ಜೆನಿಫರ್ ಮತ್ತು ಪಾಲ್ ಅಲೆಕ್ಸಾಂಡರ್ ‘ಹಂಚಿಕೊಂಡ ಬಡತನ’ವನ್ನೇ ಒಂದು ಸಿದ್ಧಾಂತದ ಮುಸುಕು ಎಂದು ವಿಮರ್ಶಿಸಿದರು. ಆ ಮಾತಿನ ಬೇರು ಇಂಥ ವಿವರಗಳಲ್ಲಿದೆ.

ಗದ್ದೆ ಇದ್ದವರು ಆ ಅಧಿಕಾರವನ್ನು ಬಳಸಿದ ಹೊತ್ತು ಬೇಗನೆ ಬಂತು. ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಬಂದವು. ಅವನ್ನು ತೆನೆ ತೆನೆಯಾಗಿ ಕೊಯ್ಯುವುದಕ್ಕಿಂತ ಕುಡುಗೋಲಿನಲ್ಲಿ ಬುಡಸಹಿತ ಕೊಯ್ಯುವುದು ಸಲೀಸು. ಅನೇಕ ಕಡೆ ಒಡೆಯರು ಪೈರನ್ನು ಗದ್ದೆಯಲ್ಲಿರುವಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಡತೊಡಗಿದರು. ಇದು ‘ತೆಬಾಸಾನ್’. ವ್ಯಾಪಾರಿ ಹೊರಗಿನವನು. ಬಂದವರನ್ನು ಹಿಂದೆ ಕಳಿಸಬಾರದೆಂಬ ನೀತಿ ಅವನನ್ನು ಕಟ್ಟಿಹಾಕುವುದಿಲ್ಲ. ಅವನು ತನ್ನದೇ ಸಣ್ಣ ತಂಡವನ್ನು ಕರೆತರುತ್ತಾನೆ. ಇದರ ಜೊತೆಗೆ ಅಕ್ಕಿ ಗಿರಣಿಗಳು ಬಂದು ಭತ್ತ ಕುಟ್ಟುವ ಹೆಂಗಸರ ಕೂಲಿಯೂ ಹೋಯಿತು. ಬರೆಯದ ಆಸ್ತಿ ಕಳೆದುಹೋದಾಗ ದೂರು ಕೊಡಲು ಕಚೇರಿಯೂ ಇರುವುದಿಲ್ಲ.

ಇನ್ನು ಕಾದಂಬರಿಗಳಿಗೆ ಬರೋಣ. ನಾನು ಇವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೇನೆ. ಪ್ರಾಮೂದ್ಯ ಅನಂತ ತೂರ್ ಅವರ ‘ಅನಕ್ ಸಮುವಾ ಬಾಂಗ್ಸಾ’ 1980ರಲ್ಲಿ ಪ್ರಕಟವಾಗಿ ಮರುವರ್ಷ ನಿಷೇಧಕ್ಕೊಳಗಾದ ಕಾದಂಬರಿ. ಬುರು ದ್ವೀಪದ ಸೆರೆಯಲ್ಲಿ ರೂಪುಗೊಂಡ ನಾಲ್ಕು ಕಾದಂಬರಿಗಳ ಸರಣಿಯಲ್ಲಿ ಇದು ಎರಡನೆಯದು. ಯುವ ಲೇಖಕ ಮಿಂಕೆ ಸಕ್ಕರೆ ಕಾರ್ಖಾನೆಯಿರುವ ತುಲಾಂಗಾನ್‌ಗೆ ಹೋಗಿ ತ್ರುನೊದೊಂಗ್ಸೊ ಎಂಬ ರೈತನನ್ನು ಭೇಟಿಯಾಗುತ್ತಾನೆ. ಕಾರ್ಖಾನೆ ಅವನ ಗದ್ದೆಯನ್ನು ಬಾಡಿಗೆಗೆ ಪಡೆದಿದೆ. ಬಾಡಿಗೆಗೆ ಕೊಡದೆ ಅವನಿಗೆ ಬೇರೆ ದಾರಿಯಿರಲಿಲ್ಲ, ಒಪ್ಪಿದಷ್ಟು ಹಣ ಕೈಗೆ ಬರಲಿಲ್ಲ. ಮಿಂಕೆ ರೈತನ ಮನೆಯಲ್ಲಿ ಉಳಿದು, ಅವನ ಮಾತನ್ನು ಲೇಖನವಾಗಿಸಿ ಪತ್ರಿಕೆಗೆ ಒಯ್ಯುತ್ತಾನೆ. ಸಂಪಾದಕ ತಿರಸ್ಕರಿಸುತ್ತಾನೆ. ಪತ್ರಿಕೆಯೇ ಸಕ್ಕರೆಯ ಹಿತಕ್ಕಾಗಿ ನಡೆಯುತ್ತಿದೆ ಎಂದು ಮಿಂಕೆಗೆ ತಿಳಿಯುವುದು ಆಮೇಲೆ. ಗದ್ದೆಯ ಒಡೆತನದ ಪ್ರಶ್ನೆ ಇಲ್ಲಿ ಕಾಗದದ, ಅಚ್ಚಿನ ಒಡೆತನದವರೆಗೆ ಬೆಳೆಯುತ್ತದೆ. ಗೀರ್ಟ್ಸ್ ಬಿಡಿಸಿಟ್ಟ ಕಬ್ಬು-ಭತ್ತದ ಸರದಿಯೇ ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ಪ್ರಾಮೂದ್ಯರಲ್ಲಿ ಗದ್ದೆಗೆ ಒಬ್ಬ ಯಜಮಾನನಿದ್ದಾನೆ, ಅವನಿಗೆ ಸಿಟ್ಟಿದೆ.

ಅದೇ ತುಲಾಂಗಾನ್‌ನಲ್ಲಿ ಸುರಾತಿಯ ಕಥೆಯೂ ಬರುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ತಂದೆ ಅವಳನ್ನು ಡಚ್ ಮ್ಯಾನೇಜರನಿಗೆ ಒಪ್ಪಿಸಬೇಕಾಗುತ್ತದೆ. ಅವಳು ಬೇಕೆಂದೇ ಸಿಡುಬು ಹತ್ತಿಸಿಕೊಂಡು ಅವನ ಬಳಿ ಹೋಗುತ್ತಾಳೆ. ಅಹ್ಮದ್ ತೊಹಾರಿಯವರ ‘ರೊಂಗೆಂಗ್ ದುಕುಹ್ ಪಾರುಕ್’ (1982) ಕಾದಂಬರಿಯ ಶ್ರಿಂತಿಲ್ ಜೊತೆ ಸುರಾತಿಯನ್ನು ಇಟ್ಟು ನೋಡಬೇಕು. ಭೂಮಿಯ ಬಡತನದಲ್ಲಿ ಮುಳುಗಿದ ಕುಗ್ರಾಮದ ನರ್ತಕಿ ಶ್ರಿಂತಿಲ್. ರೊಂಗೆಂಗ್ ಆಗುವ ಮುನ್ನ ಅವಳ ಕನ್ಯತ್ವವನ್ನು ಹರಾಜಿಗಿಡುತ್ತಾರೆ, ಒಂದು ಚಿನ್ನದ ನಾಣ್ಯಕ್ಕೆ. ಗೊನೊಗಿನಿಯಲ್ಲಿ ಹೆಂಡತಿಗೆ ಪಾಲು ಕೊಡುವ ಅದೇ ಸಮಾಜ, ಗದ್ದೆಯಿಲ್ಲದ ಕಡೆ ಹುಡುಗಿಯ ಮೈಯನ್ನೇ ಊರಿನ ಆಸ್ತಿಯಾಗಿಸುತ್ತದೆ. ಇದನ್ನು ತೊಹಾರಿ ಎಲ್ಲೂ ಮರೆಮಾಚುವುದಿಲ್ಲ, ಆ ಪುಟಗಳನ್ನು ಓದುವುದು ಕಷ್ಟ.

ಆದರೆ ಕಥೆ 1965ಕ್ಕೆ ಬಂದಾಗ ತೊಹಾರಿಯ ಹಳ್ಳಿ ನನಗೆ ಗೀರ್ಟ್ಸ್ ಹಳ್ಳಿಯನ್ನೇ ನೆನಪಿಸುತ್ತದೆ. ಭೂಮಿಯ ಮಾತು, ಪಕ್ಷದ ಮಾತು ಎಲ್ಲವೂ ಬಾಕರ್ ಎಂಬ ಹೊರಗಿನವನ ಬಾಯಿಂದ ಬರುತ್ತವೆ. ಹಳ್ಳಿಗರು ಅರಿಯದವರು, ಬಳಕೆಯಾದವರು. ಹಾಗಾಗಿಯೇ ಶ್ರಿಂತಿಲ್ ಸೆರೆಮನೆಗೆ ಹೋದದ್ದು ನಮಗೆ ಅನ್ಯಾಯವಾಗಿ ಕಾಣುತ್ತದೆ. ಸುಹಾರ್ತೊ ಕಾಲದಲ್ಲಿ ಆ ಹತ್ಯೆಗಳ ಬಗ್ಗೆ ಬಾಯಿಬಿಡುವುದೇ ಅಪಾಯವಾಗಿತ್ತು. ಅಷ್ಟನ್ನಾದರೂ ಬರೆದ ತೊಹಾರಿಯ ಧೈರ್ಯ ದೊಡ್ಡದು. ಆದರೂ ಪ್ರಶ್ನೆ ಉಳಿಯುತ್ತದೆ: ಅರಿತೇ ಭೂಮಿ ಕೇಳಿದ್ದರೆ? ಆಗ ಅವರ ಸಾವು ನ್ಯಾಯವಾಗುತ್ತಿತ್ತೇ?

ಇದು ಊಹೆಯ ಪ್ರಶ್ನೆಯಲ್ಲ. 1960ರಲ್ಲಿ ಇಂಡೋನೇಷ್ಯಾ ಪಾಲು ಬೇಸಾಯದ ಕಾಯಿದೆಯನ್ನೂ ಮೂಲ ಭೂಕಾಯಿದೆಯನ್ನೂ ತಂದಿತು. ಬಹಳ ಜನಸಾಂದ್ರತೆಯ ಪ್ರದೇಶಗಳಲ್ಲಿ ನೀರಾವರಿ ಗದ್ದೆಯ ಮಿತಿ 5 ಹೆಕ್ಟೇರ್ ಎಂದಾಯಿತು. ಜಾರಿ ಮಾತ್ರ ಕುಂಟಿತು. 1964ರ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷದ ಜೊತೆಗಿದ್ದ ರೈತ ಸಂಘಟನೆ ಬಿಟಿಐ ‘ಅಕ್ಸಿ ಸಪಿಹಾಕ್’, ಅಂದರೆ ಏಕಪಕ್ಷೀಯ ಕ್ರಮಗಳಿಗೆ ಇಳಿಯಿತು. ಕ್ಲಾಟೆನ್, ಬೊಯೊಲಾಲಿಯಂಥ ಕಡೆ ಗೇಣಿದಾರರು ಕಾನೂನು ಕೊಟ್ಟ ಪಾಲನ್ನು ತಾವೇ ಇಟ್ಟುಕೊಂಡರು, ಮಿತಿ ಮೀರಿದ ಭೂಮಿಯನ್ನು ಉಳತೊಡಗಿದರು. ಭೂಮಾಲೀಕರು ತಿರುಗಿಬಿದ್ದರು. 1965ರ ಅಕ್ಟೋಬರ್ ನಂತರ ಸೇನೆಯ ಆಸರೆಯಲ್ಲಿ ನಡೆದ ಹತ್ಯಾಕಾಂಡದಲ್ಲಿ ಸತ್ತವರು 5 ಲಕ್ಷ, ಇನ್ನೂ ಹೆಚ್ಚೆಂಬ ಅಂದಾಜೂ ಇದೆ. ಗೀರ್ಟ್ಸ್ ಕ್ಷೇತ್ರಕಾರ್ಯ ಮಾಡಿದ ಪಾರೆ ಇರುವುದು ಕೆದಿರಿ ಜಿಲ್ಲೆಯಲ್ಲಿ. ಹತ್ಯೆಗಳು ಅತಿ ಭೀಕರವಾಗಿ ನಡೆದ ಪ್ರದೇಶಗಳಲ್ಲಿ ಅದೂ ಒಂದು. ಹಳ್ಳಿ ಉಳ್ಳವರು, ಇಲ್ಲದವರು ಎಂದು ಒಡೆದಿಲ್ಲ ಎಂದು ಪುಸ್ತಕ ಅಚ್ಚಾಗಿ ಆಗಿನ್ನೂ ಎರಡು ವರ್ಷ. ಭೂಮಿಯೊಂದೇ ಆ ಹಿಂಸೆಗೆ ಕಾರಣವಲ್ಲ. ಧರ್ಮ, ಪಕ್ಷ, ಸೇನೆಯ ಲೆಕ್ಕಾಚಾರ ಎಲ್ಲವೂ ಇದ್ದವು. ಆದರೆ ಸತ್ತವರಲ್ಲಿ ಅನೇಕರು ಕೇಳಿದ್ದು ಕಾಯಿದೆಯಲ್ಲಿ ಬರೆದಿದ್ದ ಪಾಲನ್ನು ಎಂಬುದನ್ನು ಬಿಟ್ಟು ಈ ಇತಿಹಾಸ ಹೇಳಲಾಗದು.

ಗೀರ್ಟ್ಸ್‌ರನ್ನು ಓದುವುದು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸಕ್ಕರೆ ಮತ್ತು ಭತ್ತದ ಅಧ್ಯಾಯಗಳನ್ನು ಈಗಲೂ ಪಾಠ ಮಾಡಬೇಕು. ಅದರ ಪಕ್ಕದಲ್ಲಿ ತ್ರುನೊದೊಂಗ್ಸೊನ ಅಧ್ಯಾಯಗಳನ್ನೂ ಕಾಲಿ ಲೋರೊದ ಕುಯಿಲಿನ ಲೆಕ್ಕವನ್ನೂ ಇಡಬೇಕು. ನಾವು, ಸಾಹಿತ್ಯದ ವಿದ್ಯಾರ್ಥಿಗಳು, ಹಳ್ಳಿಯ ಕಥನಗಳಲ್ಲಿ ಹಬ್ಬ, ಆಚರಣೆ, ಕುಣಿತಗಳನ್ನು ಓದಲು ಚೆನ್ನಾಗಿ ಕಲಿತಿದ್ದೇವೆ. ಶ್ರಿಂತಿಲ್ ಕುಣಿತದ ಬಗ್ಗೆ ಎಷ್ಟು ಪುಟ ಬೇಕಾದರೂ ಬರೆಯಬಲ್ಲೆವು. ಅವಳ ಊರಿನ ಸುತ್ತಲ ಗದ್ದೆ ಯಾರದ್ದು ಎಂದು ಕೇಳುವ ಅಭ್ಯಾಸ ಕಡಿಮೆ. ಯಾವ ದೇಶದ ಗ್ರಾಮಕಥನವನ್ನು ಕೈಗೆತ್ತಿಕೊಂಡರೂ ಕುಯಿಲಿನ ಪುಟ ಬಂದಾಗ ಸ್ವಲ್ಪ ನಿಂತು, ಗದ್ದೆಗೆ ಯಾರನ್ನು ಕರೆದರು, ಬದುವಿನ ಮೇಲೆ ಯಾರು ಉಳಿದರು ಎಂದು ನೋಡುವುದು ಒಳ್ಳೆಯದು.